ಸೊಂಟದೆತ್ತರದ ಪಟ್ಟಿ

ಸಮುದ್ರ ನೋಡಬೇಕೆಂದರೆ ಆ ಊರಿನವರು ಬುತ್ತಿ ಕಟ್ಟಿಕೊಂಡು ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಕೂರಬೇಕಿತ್ತು. ಹೊಳೆಯೇನೋ ಇತ್ತು, ಆದರೆ ಅದು ಗುಡ್ಡದ ಆಚೆ ತನ್ನ ಪಾಡಿಗೆ ತಾನು ಹರಿದುಕೊಂಡಿತ್ತು. ಹೀಗಿರುವಾಗ ನಮ್ಮ ಮನೆಗೂ ನೆರೆ ವಿಮೆ ಮಾಡಿಸೋಣ ಎಂದು ಕುರ್ಚಿಯವಳು ಬಾಯಿಬಿಟ್ಟ ದಿನ ಊಟದ ಮೇಜಿನ ಸುತ್ತ ನಗೆ ಎದ್ದಿತು.

"ಸಮುದ್ರಕ್ಕೆ ನಮ್ಮ ಮನೆ ವಿಳಾಸ ಕೊಟ್ಟಿದ್ದು ಯಾರು?" ಅಂದ ಅವಳ ಗಂಡ.

ಪಾತ್ರೆ ಹಿಂದಿರುಗಿಸಲು ಬಂದು ಹಾಗೇ ಕೂತುಬಿಟ್ಟಿದ್ದ ಎದುರುಮನೆಯಾಕೆ, ಬೀದಿಯವರೆಲ್ಲ ರೇಡಿಯೋ ಎಂದು ಕರೆಯುತ್ತಿದ್ದವಳು, ತನಗೆ ಈಜು ಬರುವುದಿಲ್ಲ, ಹಾಗೇನಾದರೂ ಆದರೆ ಮೊದಲು ತನ್ನನ್ನು ಎತ್ತಿಕೊಳ್ಳಬೇಕು ಎಂದಳು. ಅವಳ ಗಾತ್ರ ನೋಡಿದವರಿಗೆ ಅದು ಇನ್ನಷ್ಟು ನಗು ತರಿಸುವ ಮಾತು. ಅತ್ತೆ ಮಾತ್ರ ನಗಲಿಲ್ಲ. ಎದ್ದು ಹೋಗಿ, ಆಗಲೇ ಮುಚ್ಚಿದ್ದ ಕಿಟಕಿಯನ್ನು ಮತ್ತೊಮ್ಮೆ ಒತ್ತಿ ನೋಡಿ ಬಂದಳು.

ಕುರ್ಚಿಯವಳು ಎನ್ನುವುದು ಬೀದಿ ಇಟ್ಟ ಹೆಸರು. ಹರಿದುಹೋದ ಕುರ್ಚಿಗಳಿಗೆ ಬೆತ್ತದ ಆಸನ ಹೆಣೆಯುವುದು ಅವಳ ಕಸುಬು. ಬೀದಿಯ ಕೆಳತುದಿಯಲ್ಲಿದ್ದ ಆ ಮನೆಯಲ್ಲಿ, ಬೀದಿಯ ಮಟ್ಟದಿಂದ ಮೂರು ಮೆಟ್ಟಿಲು ಇಳಿದರೆ ಸಿಗುವ ಕೆಳಕೋಣೆಯೇ ಅವಳ ಕಾರ್ಖಾನೆ. ಗೋಡೆಗೊರಗಿಸಿದ ಬೆತ್ತದ ಕಟ್ಟುಗಳು, ಬೆತ್ತ ನೆನೆಹಾಕುವ ಸತುವಿನ ತೊಟ್ಟಿ, ದಬ್ಬಳ, ಮರದ ಬೆಣೆಗಳ ಡಬ್ಬಿ, ಸರದಿ ಕಾಯುತ್ತ ಕಾಲು ಮೇಲೆ ಮಾಡಿ ಮಲಗಿದ ಊರವರ ಕುರ್ಚಿಗಳು. ಮೇಲಿನ ಕಿಟಕಿಯಲ್ಲಿ ಬೀದಿಯಲ್ಲಿ ಹೋಗುವವರ ಪಾದಗಳು ಮಾತ್ರ ಕಾಣುತ್ತಿದ್ದವು. ನಡಿಗೆ ನೋಡಿಯೇ ಯಾರೆಂದು ಹೇಳುವಷ್ಟು ವರ್ಷ ಅವಳು ಅಲ್ಲಿ ಕೂತಿದ್ದಳು.

ವಿಮೆಯ ವಿಚಾರ ತಲೆಗೆ ಹೊಕ್ಕಿದ್ದೂ ಒಂದು ಕುರ್ಚಿಯ ಮೂಲಕವೇ. ವಿಮೆ ಕಚೇರಿಯ ಹೆಂಗಸೊಬ್ಬಳು ತನ್ನ ತಂದೆಯ ಆರಾಮಕುರ್ಚಿಯನ್ನು ಹೆಣೆಸಲು ತಂದವಳು, ಮೂರು ಮೆಟ್ಟಿಲು ಇಳಿಯುತ್ತಲೇ ಮೂಗರಳಿಸಿ, ಇಲ್ಲಿ ಯಾವತ್ತಾದರೂ ನೀರು ನುಗ್ಗಿತ್ತಾ ಎಂದು ಕೇಳಿದ್ದಳು. ಹಾಗೇನಿಲ್ಲ, ಹೋದ ಮಳೆಗಾಲದಲ್ಲಿ ಮಾತ್ರ ಬೀದಿಯ ಮೋರಿ ಉಕ್ಕಿ ಮೇಲಿನ ಹೊಸ್ತಿಲವರೆಗೆ ಬಂದು ನಿಂತಿತ್ತು ಎಂದಳು ಕುರ್ಚಿಯವಳು. ಆ ಹೆಂಗಸು ನಗಲಿಲ್ಲ. ಬೀದಿಯ ಕೆಳಗೆ ಹಳೆಯ ಹಳ್ಳವೊಂದನ್ನು ಕೊಳವೆಯಲ್ಲಿ ಕೂಡಿಹಾಕಿದ್ದಾರೆಂದೂ, ಈಗ ಮೇಲಿನ ಸಂತೆಮೈದಾನಕ್ಕೆಲ್ಲ ಸಿಮೆಂಟು ಬಳಿದ ಮೇಲೆ ಅಲ್ಲಿ ಬಿದ್ದ ಮಳೆಗೆ ಇಳಿಯುವ ದಾರಿ ಇದೊಂದೇ ಎಂದೂ ಹೇಳಿದಳು. ಮನೆಯ ಸಾಮಾನ್ಯ ವಿಮೆ ಒಳಗಿನ ನಲ್ಲಿ ಒಡೆದರೆ ಪರಿಹಾರ ಕೊಡುತ್ತದೆ, ಹೊರಗಿನಿಂದ ನೆಲ ಹಿಡಿದು ಬರುವ ನೀರಿಗೆ ಕೊಡುವುದಿಲ್ಲ. ಅದಕ್ಕೆ ಬೇರೆಯದೇ ವಿಮೆ ಬೇಕು. ಅದೂ ದುಡ್ಡು ಕಟ್ಟಿ ಒಂದು ತಿಂಗಳು ಕಳೆದ ಮೇಲೆ ಜಾರಿಗೆ ಬರುವುದು.

"ನೀರಿಗೆ ಸಮುದ್ರವೇ ಬೇಕು ಅಂತಿಲ್ಲ. ತಗ್ಗು ಸಿಕ್ಕಿದ್ರೆ ಸಾಕು" ಎಂದು ಹೇಳಿ ಅವಳು ಹೋದಳು. ಬೆತ್ತ ನೆನೆಹಾಕುತ್ತ ನೀರಿನ ಜೊತೆ ಬಾಳಿದವಳಿಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಮನೆ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಸಹಿ ಅವಳದೇ ಆಗಬೇಕು. ಅತ್ತೆ ಒಂದೇ ಮಾತಿನಲ್ಲಿ ಬಾಗಿಲು ಹಾಕಿದಳು: ನನ್ನ ಮನೆಗೆ ನೀರು ಬಂದಿಲ್ಲ, ಬರುವುದೂ ಇಲ್ಲ. ಗಂಡನದು ಹೂಂ ಅನ್ನುವುದಕ್ಕೆಂದೇ ಹುಟ್ಟಿದ ಬಾಯಿ. ಹೆಂಡತಿ ಹೇಳಿದಾಗ ಬೇಕು ಅನ್ನಿಸುತ್ತಿತ್ತು, ತಾಯಿ ಹೇಳಿದಾಗ ಬೇಡ ಅನ್ನಿಸುತ್ತಿತ್ತು, ಇಬ್ಬರೂ ಸುಮ್ಮನಿದ್ದಾಗ ಹಸಿವಾಗುತ್ತಿತ್ತು.

ಅವನು ಮನೆಗಳಿಗೆ ಬಣ್ಣ ಬಳಿಯುವವನು. ಕೈ ಶುದ್ಧ, ನಾಲಿಗೆ ಅದಕ್ಕಿಂತ ಶುದ್ಧ ಎಂದು ಹೆಸರಾಗಿದ್ದ. ಅವನ ಕೆಲಸಕ್ಕೊಂದು ಗುರುತು ಇತ್ತು. ಗೋಡೆಯ ಕೆಳಭಾಗಕ್ಕೆ, ನೆಲದಿಂದ ಸೊಂಟದೆತ್ತರದವರೆಗೆ, ಕಡುಗಂದು ಎಣ್ಣೆಬಣ್ಣದ ಅಗಲವಾದ ಪಟ್ಟಿ. ಅದರ ಮೇಲೆ ಕೂದಲೆಳೆಯಂಥ ಬಿಳಿಗೆರೆ. ಅದರ ಮೇಲೆ ತಿಳಿಬಣ್ಣ. ಇದನ್ನು ಅವನು ಎಲ್ಲಿಯೂ ಕಲಿತದ್ದಲ್ಲ. ಅವನ ಮನೆಯ ಗೋಡೆ ಅವನಿಗೆ ಬುದ್ಧಿ ಬಂದಾಗಿನಿಂದ ಹಾಗೇ ಇತ್ತು. ಅಮ್ಮನ ಪಟ್ಟಿ ಎಂದು ಅವನೇ ಹೆಸರಿಟ್ಟಿದ್ದ. ಮಕ್ಕಳ ಕೈಕೊಳೆ ಕಾಣುವುದಿಲ್ಲ, ಕೋಣೆಗೊಂದು ಗಾಂಭೀರ್ಯ ಬರುತ್ತದೆ ಎಂದು ಹೇಳಿ ಹೇಳಿ ಅರ್ಧ ಊರಿಗೆ ಅದನ್ನು ಬಳಿದಿದ್ದ. ಗುಡ್ಡದ ತುದಿಯಲ್ಲಿ, ಹಕ್ಕಿ ಕೂಡ ದಮ್ಮು ಹಿಡಿದು ಏರಬೇಕಾದ ಜಾಗದಲ್ಲಿದ್ದ ದಂತವೈದ್ಯರ ಮನೆಯಲ್ಲೂ ಆ ಪಟ್ಟಿ ಇತ್ತು. ಎರಡು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ತನ್ನ ಮನೆಯ ಪಟ್ಟಿಗೆ ಹೊಸ ಬಣ್ಣ ಕೊಡುವುದು ಅವನಿಗೆ ಕೆಲಸವಲ್ಲ, ತಾಯಿಗೆ ಕೊಡುವ ಉಡುಗೊರೆ.

ಆ ವಾರ ರೇಡಿಯೋ ಊಟದ ಮನೆಯ ಕುರ್ಚಿಯೊಂದರಲ್ಲಿ ಕೂತು, ಯಾರದೋ ಮದುವೆ ಮುರಿದ ಸುದ್ದಿಯ ಮಧ್ಯಭಾಗದಲ್ಲಿ, ಚರ್ರೆಂದು ಬೆತ್ತ ಹರಿದು ಕೆಳಗಿಳಿದಳು. ಮೂವರು ಹಿಡಿದೆಳೆದರೂ ಅವಳು ಸುದ್ದಿ ನಿಲ್ಲಿಸಲಿಲ್ಲ. ಚೌಕಟ್ಟಿನಲ್ಲಿ ಸಿಕ್ಕಿಕೊಂಡೇ ಮುಗಿಸಿದಳು. ಆಮೇಲೆ ಕುರ್ಚಿಯನ್ನು ಕೆಳಕೋಣೆಗೆ ಒಯ್ಯಲು ಹೊರಟಾಗ ಅತ್ತೆ ಅಡ್ಡಬಂದಳು. ಈ ಕುರ್ಚಿಗಳು ತಾನು ಮನೆಮಾಡಿದಾಗ ತಂದವು, ಬೇರೆಯವರ ಕೈ ಮುಟ್ಟಿದವಲ್ಲ, ಹಲಗೆ ಹೊಡೆದುಬಿಡು ಎಂದಳು. "ನಾನು ಬೇರೆಯವಳಾ ಅತ್ತೆ?" ಎಂದು ಸೊಸೆ ನಗುತ್ತ ಕೇಳಿ ಕುರ್ಚಿಯನ್ನು ಕೆಳಗೆ ಒಯ್ದಳು.

ಹಳೆಯ ಬೆತ್ತ ಕತ್ತರಿಸಿ ತೆಗೆದ ಮೇಲೆ ಚೌಕಟ್ಟಿನ ಸುತ್ತ ಇರುವ ತೂತುಗಳನ್ನು ಒಂದೊಂದಾಗಿ ದಬ್ಬಳದಿಂದ ತಿವಿದು ಬಿಡಿಸುವುದು ಮೊದಲ ಕೆಲಸ. ಊರವರ ಕುರ್ಚಿಗಳ ತೂತುಗಳಿಂದ ಅವಳು ಏನೇನೋ ತೆಗೆದಿದ್ದಳು. ರೊಟ್ಟಿಯ ಪುಡಿ, ಗುಂಡುಸೂಜಿ, ಬೆಕ್ಕಿನ ಕೂದಲು, ಒಮ್ಮೆ ಒಂದು ಹಾಲುಹಲ್ಲು. ಈ ಕುರ್ಚಿಯ ಮೊದಲ ತೂತಿನಿಂದ ಬೂದುಬಣ್ಣದ ಗಟ್ಟಿ ಬತ್ತಿಯಂಥದೊಂದು ಜಾರಿ ಅವಳ ಮಡಿಲಿಗೆ ಬಿತ್ತು. ಬೆರಳಲ್ಲಿ ಒತ್ತಿದಳು. ಹಿಟ್ಟಿನಂಥ ನುಣುಪು ಮಣ್ಣು. ಎರಡನೆಯದರಲ್ಲೂ ಅದೇ. ಎಲ್ಲದರಲ್ಲೂ ಅದೇ. ಮೇಲೆ ಹೋಗಿ ಉಳಿದ ಕುರ್ಚಿಗಳನ್ನು ಬೋರಲು ಹಾಕಿ, ಅಡಿಯ ತೂತುಗಳಿಗೆ ದಬ್ಬಳ ತೂರಿಸಿದಳು. ಬೂದು ಪುಡಿ ನೆಲದ ಮೇಲೆ ಸಣ್ಣ ಸಣ್ಣ ಗುಪ್ಪೆಯಾಯಿತು.

ಬೆತ್ತಕ್ಕೆ ನೀರೆಂದರೆ ಹೆದರಿಕೆಯಿಲ್ಲ. ನೆನೆದಷ್ಟೂ ಮೆತ್ತಗಾಗಿ, ಒಣಗಿದ ಮೇಲೆ ಮೊದಲಿಗಿಂತ ಬಿಗಿಯಾಗಿ, ಏನೂ ಆಗಿಲ್ಲವೆಂಬಂತೆ ಇದ್ದುಬಿಡುತ್ತದೆ. ಆದರೆ ಧೂಳು ಕೆಳಗಿನಿಂದ ಮೇಲಕ್ಕೆ ತುಂಬುವುದಿಲ್ಲ. ಈ ಕುರ್ಚಿಗಳ ಕೂರುವ ಮಟ್ಟದವರೆಗೂ ಕೆಸರುನೀರು ಬಂದು, ನಿಂತು, ಇಳಿದುಹೋಗಿತ್ತು. ಅವಳು ಬೋರಲು ಕುರ್ಚಿಯ ಪಕ್ಕ ಕೂತಲ್ಲಿಂದಲೇ ತಲೆಯೆತ್ತಿದಳು. ಎದುರಿಗೆ ಗೋಡೆಯ ಉದ್ದಕ್ಕೂ, ಕುರ್ಚಿಗಳ ಆಸನಕ್ಕಿಂತ ಒಂದಿಷ್ಟು ಎತ್ತರದವರೆಗೆ, ಅಮ್ಮನ ಪಟ್ಟಿ. ಇಷ್ಟು ವರ್ಷ ಅವಳು ಅದನ್ನು ಬರಿಯ ಬಣ್ಣವೆಂದುಕೊಂಡಿದ್ದಳು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು.

"ಹಳೇ ಮನೆ, ಧೂಳು ಕೂತಿರುತ್ತೆ" ಎಂದಳು ಅತ್ತೆ.

ಸೊಸೆ ಅಂಗೈಯಲ್ಲಿದ್ದ ಮಣ್ಣಿನ ಬತ್ತಿಯನ್ನು ಮುಚ್ಚಲಿಲ್ಲ. ಅತ್ತೆ ಬಂದು ನೆಟ್ಟಗಿದ್ದ ಒಂದೇ ಕುರ್ಚಿಯಲ್ಲಿ ಕೂತಳು. ಮಂಡಿಯ ಮೇಲೆ ಕೈಯಿಟ್ಟುಕೊಂಡು, ಕಥೆ ಹೇಳುವವಳ ಧ್ವನಿಯಲ್ಲಿ ಶುರುಮಾಡಿದಳು.

"ಅಂದ್ಕೋ, ಒಬ್ಬಳು ಹೆಂಗಸಿದ್ಲು. ಗಂಡ ದೂರದಲ್ಲಿ ಸೇತುವೆ ಕಟ್ಟೋ ಕೆಲಸದಲ್ಲಿ. ಮನೆ ನೋಡು, ನಿಂಗೆ ಸರಿ ಅನ್ಸಿದ್ದು ತಗೋ ಅಂತ ಹೇಳಿ ಕಳಿಸ್ದ. ಅಲ್ಲೀವರೆಗೆ ಕಿಟಕಿ ಪರದೆ ಯಾವ ಬಣ್ಣದ್ದಿರಲಿ ಅಂತಾನೂ ಅವಳನ್ನ ಯಾರೂ ಕೇಳಿರ್ಲಿಲ್ಲ. ಹತ್ತು ಮನೆ ನೋಡಿ ಒಂದು ಆರಿಸಿದ್ಲು. ಭಾವಂದಿರು, ಹೆಂಗಸ್ರ ವ್ಯಾಪಾರ, ನೋಡೋಣ ಅಂತ ನಕ್ರು. ಮೊದಲನೇ ಮಳೆಗಾಲದಲ್ಲೇ ನೀರು ಬಂತು. ಬಾಗಿಲಿಂದ ಬರ್ಲಿಲ್ಲ, ಕಳ್ಳನ ಹಾಗೆ ನೆಲದಿಂದ ಎದ್ದು ಬಂತು. ಮಗೂನ ಎತ್ಕೊಂಡು ಅಟ್ಟದ ಮೆಟ್ಟಿಲ ಮೇಲೆ ಕೂತಿದ್ಲು, ಇಳಿಯೋ ತನಕ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಆ ಹೆಂಗಸು ಕೆಸರನ್ನು ಒಬ್ಬಳೇ ಹೊತ್ತುಹಾಕಿದಳಂತೆ. ಆಗ ಬೀದಿಯಲ್ಲಿ ಮನೆಗಳು ಕಡಿಮೆ, ನೋಡಿದವರು ಯಾರೂ ಈಗ ಇಲ್ಲ. ಗೋಡೆಯ ಕಲೆ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ. ಗಂಡ ರಜೆಗೆ ಬರುವುದರೊಳಗೆ ಅದರ ಮೇಲೆ ಕಂದುಬಣ್ಣ ಬಳಿಸಿದಳು.

"ಅವನು ಬಂದ, ಮನೆಯೆಲ್ಲ ಓಡಾಡಿ ನೋಡ್ದ. ಪಟ್ಟಿ ತುಂಬ ಚೆನ್ನಾಗಿದೆ ಕಣೇ, ಒಳ್ಳೇ ಮನೆ ಆರಿಸಿದ್ದೀಯ ಅಂದ. ಅವನು ಬದುಕಿದ್ದಷ್ಟು ದಿನದಲ್ಲಿ ಅವಳಿಗೆ ಚೆನ್ನಾಗಿದೆ ಅಂತ ಅಂದಿದ್ದು ಅದೊಂದೇ ಸಲ." ಅತ್ತೆ ಎದ್ದಳು. "ಈಗ ಹೇಳು. ಆ ಹೆಂಗಸು, ಹೌದು ಸ್ವಾಮಿ ನೀರು ಬಂದಿತ್ತು ಅಂತ ಅರ್ಜಿಯಲ್ಲಿ ಬರೆದು ರುಜು ಹಾಕ್ತಾಳಾ?"

ಹಾಕುವುದಿಲ್ಲ ಎಂದು ಸೊಸೆಗೆ ತಿಳಿಯಿತು. ತಿಳಿದದ್ದೇ ತಪ್ಪಾಯಿತು. ತಿಳಿಯದಿದ್ದಾಗ ವಾದ ಮಾಡುವುದಕ್ಕಾದರೂ ಬಾಯಿತ್ತು.

ಅಡಿಗೆಮನೆಗೆ ಹೋಗುತ್ತ ಅತ್ತೆ ಬೆನ್ನು ತಿರುಗಿಸಿಯೇ ಇನ್ನೊಂದು ಮಾತು ಸೇರಿಸಿದಳು. "ನನ್ ಮಗನಿಗೆ ಕಥೆ ಅಂದ್ರೆ ಆಗಲ್ಲ. ಅವನಿಗೆ ಹೇಳ್ಬೇಡ."

ಅಂದಿನಿಂದ ಕುರ್ಚಿಯವಳಿಗೆ ಊರಿನಲ್ಲಿ ಹೋದಲ್ಲೆಲ್ಲ ಆ ಪಟ್ಟಿ ಕಾಣತೊಡಗಿತು. ಔಷಧದ ಅಂಗಡಿಯಲ್ಲಿ, ಹೊಲಿಗೆಯವನ ಕೋಣೆಯಲ್ಲಿ, ಗುಡ್ಡದ ಮೇಲೆ ಹೆಣೆದ ಕುರ್ಚಿ ತಲುಪಿಸಲು ಹೋದಾಗ ದಂತವೈದ್ಯರ ಮನೆಯಲ್ಲಿ. ಒಬ್ಬ ಹೆಂಗಸು ಮುಚ್ಚಿಟ್ಟ ಕೆಸರು, ಮಗನ ಕೈಯಿಂದ ಊರಿನ ಅಂದವಾಗಿ ಹರಡಿಕೊಂಡಿತ್ತು. ಗಂಡನಿಗೆ ಹೇಳಿಬಿಡೋಣ ಎಂದು ಒಂದು ಸಂಜೆ ಗಟ್ಟಿ ಮನಸ್ಸು ಮಾಡಿದಳು. ಅವನು ಕುಂಚ ತೊಳೆಯುತ್ತ, ಹೊಸ ಗ್ರಂಥಾಲಯದ ಗೋಡೆಗೂ ಅಮ್ಮನ ಪಟ್ಟಿಯೇ ಬೇಕೆಂದು ಕೇಳಿದ್ದಾರೆ ಎಂದ. ಹೇಳುವಾಗ ಅವನ ಮುಖ ಶಾಲೆಯಲ್ಲಿ ಬಹುಮಾನ ಬಂದ ಹುಡುಗನದಾಗಿತ್ತು. ಅವಳು ತೊಳೆದ ಕುಂಚಗಳನ್ನು ಒಣಗಲು ತೂಗುಹಾಕಿ ಒಳಗೆ ಬಂದಳು. ಬಿಸಿ ತುಪ್ಪ ಬಾಯಿಗೆ ಬಿದ್ದವರು ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡುತ್ತಾರೆ ಎನ್ನುತ್ತಾರೆ. ಅದು ಬಾಯಿ ಸುಟ್ಟು ತಣ್ಣಗಾದ ಮೇಲೂ ಹಾಗೇ ಉಳಿಯುತ್ತದೆಂದು ಯಾರೂ ಹೇಳುವುದಿಲ್ಲ.

ಅಷ್ಟರಲ್ಲಿ ಗಾಳಿ ತಿರುಗಿತು. ತಿರುಗಿಸಿದವಳು ರೇಡಿಯೋ. ಪಕ್ಕದ ಊರಿನಲ್ಲಿ, ಅದೂ ಸಮುದ್ರದಿಂದ ಇಷ್ಟೇ ದೂರದ ಊರು, ಒಂದೇ ಮಧ್ಯಾಹ್ನದ ಅಕಾಲದ ಮಳೆಗೆ ಅವಳ ಚಿಕ್ಕಪ್ಪನ ಅಂಗಡಿಯಲ್ಲಿ ಕಪಾಟುಗಳು ತೇಲಿದವು ಎಂದು ಸುದ್ದಿ ತಂದಳು. ಕುರ್ಚಿಯವಳ ಗಂಡ ಆ ಸಂಜೆಯೇ ಮನಸ್ಸು ಬದಲಿಸಿದ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರೆ. ಪಕ್ಕದೂರಿಗೆ ಬಂದ ನೀರು ನಮ್ಮೂರಿಗೆ ಬರದೇ ಇರುತ್ತಾ?" ಎಂದು ತನ್ನ ಮಾತಿಗೆ ತಾನೇ ಮೆಚ್ಚಿ, ವಿಮೆಯ ಅರ್ಜಿಯನ್ನು ತರಿಸಿ, ಮೇಜಿನ ಮೇಲೆ ಹರಡಿ, ತಾನೇ ತುಂಬಲು ಕೂತ. ಗೋಡೆ ಇಟ್ಟಿಗೆಯದೋ ಕಲ್ಲಿನದೋ, ನೆಲ ಯಾವುದು, ಕೆಳಕೋಣೆ ಇದೆಯೋ, ಎಲ್ಲವನ್ನೂ ಗಟ್ಟಿಯಾಗಿ ಓದುತ್ತ ಬರೆದ.

"ಈ ಮನೆಯೊಳಗೆ ಹಿಂದೆ ಎಂದಾದರೂ ನೀರು ನುಗ್ಗಿತ್ತೇ?" ಎಂದು ಓದಿ, ತಲೆಯೆತ್ತದೆ, ಇಲ್ಲ ಎಂದು ಬರೆದ.

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ತರಕಾರಿ ಹೆಚ್ಚುತ್ತಿದ್ದಳು. ಚಾಕು ನಿಲ್ಲಲಿಲ್ಲ.

ಸುಳ್ಳು ಬರೆದರೆ ಪರಿಹಾರ ಸಿಗುವುದಿಲ್ಲ ಎಂದು ಅರ್ಜಿಯ ಕೆಳಗೇ ಅಚ್ಚಾಗಿರುವುದನ್ನು ಸೊಸೆ ಮೆಲ್ಲಗೆ ತೋರಿಸಿದಳು.

"ಸುಳ್ಳು ಎಲ್ಲಿದೆ ಇದ್ರಲ್ಲಿ?" ಎಂದು ಗಂಡ ನಿಜವಾದ ಆಶ್ಚರ್ಯದಿಂದ ಕೇಳಿ, ಕಾಗದವನ್ನು ತಾಯಿಯ ಕಡೆ ಸರಿಸಿದ. ಇಲ್ಲ ಎಂಬ ಪದದ ಕೆಳಗೆ ಸಹಿ ಹಾಕಲು ಅತ್ತೆಗೆ ಅಡ್ಡಿಯೇನೂ ಇರಲಿಲ್ಲ. ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಳು. ಬರೆದು, ಕಾಗದವನ್ನು ಸೊಸೆಯ ಕೈಗೆ ಕೊಟ್ಟಳು. ಕೊಡುವಾಗ ಕಣ್ಣು ತಪ್ಪಿಸಲಿಲ್ಲ. ಆ ನೋಟದಲ್ಲಿ ಅಪ್ಪಣೆ ಇದ್ದಿದ್ದರೆ ಸೊಸೆ ಎದುರಾಡಬಹುದಿತ್ತು. ಅಲ್ಲಿದ್ದದ್ದು ಮೊರೆ.

ವಿಮೆಯ ಕಚೇರಿಯಲ್ಲಿ ಉದ್ದನೆಯ ಮರದ ಬೆಂಚಿತ್ತು, ಅದರ ಒಂದು ಕಾಲು ಗಿಡ್ಡ. ಕೂತವರು ಎದ್ದಾಗಲೆಲ್ಲ ಉಳಿದವರು ತೂಗುತ್ತಿದ್ದರು. ತನ್ನ ಸರದಿ ಬಂದಾಗ ಕುರ್ಚಿಯವಳು ಚೀಲದೊಳಗೆ ಕೈಹಾಕಿ, ಕಾಗದದ ಮೇಲೆ ಬೆರಳಿಟ್ಟುಕೊಂಡೇ, ಯಾರದೋ ವಿಷಯವೆಂಬಂತೆ ಕೇಳಿದಳು. ನೀರು ಬಂದಿತ್ತು ಎಂದು ನಿಜ ಬರೆದರೆ ವಿಮೆ ಕೊಡುವುದಿಲ್ಲವೇ? ಕೊಡುತ್ತೇವೆ, ಒಂದಿಷ್ಟು ಹೆಚ್ಚು ಕಟ್ಟಬೇಕಾಗುತ್ತದೆ ಅಷ್ಟೇ ಎಂದಳು ಆರಾಮಕುರ್ಚಿ ತಂದಿದ್ದ ಹೆಂಗಸು. ಗೊತ್ತಿದ್ದೂ ಬಂದಿಲ್ಲ ಎಂದು ಬರೆದರೆ?

"ಆಗ ನಿಮ್ಮ ಕೈಲಿರೋದು ಛತ್ರಿ ಅಲ್ಲ. ಛತ್ರಿ ಚಿತ್ರ." ಅವಳು ಕನ್ನಡಕ ತೆಗೆದು ಒರೆಸಿದಳು. "ತಂದಿದ್ದೀರಾ ಅರ್ಜಿ?"

ಎಷ್ಟು ಸುಲಭ ಅನ್ನಿಸಿತು ಕುರ್ಚಿಯವಳಿಗೆ. ಒಂದು ಪದ ಹೊಡೆದುಹಾಕಿ ಇನ್ನೊಂದು ಬರೆದರೆ ಮನೆ ಉಳಿಯುತ್ತದೆ. ಆಮೇಲೆ ಮನೆ ಪರೀಕ್ಷಿಸಲು ಯಾರೋ ಬರುತ್ತಾರೆ, ಪಟ್ಟಿಯನ್ನು ಕೆರೆದು ನೋಡುತ್ತಾರೆ, ಗಂಡ ಕುಂಚ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ. ಅತ್ತೆ ಬದುಕಿನಲ್ಲಿ ಒಂದೇ ಒಂದು ಸಲ ತಾನಾಗಿ ಆರಿಸಿದ್ದು ಏನೆಂದು ಗೋಡೆಯೇ ಹೇಳುತ್ತದೆ. ಹಾಗೇ ಕೊಟ್ಟರೆ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಾರೆ, ಚಿತ್ರದ ಛತ್ರಿಯ ಕೆಳಗೆ.

"ಇಲ್ಲ, ಇನ್ನೂ ಸಹಿ ಆಗಿಲ್ಲ" ಎಂದಳು.

"ತಡ ಮಾಡ್ಬೇಡಿ. ನಮ್ಮ ಒಂದು ತಿಂಗಳ ಲೆಕ್ಕ ಮೋಡಕ್ಕೆ ಗೊತ್ತಿರಲ್ಲ."

ಮನೆಗೆ ಬರುವ ದಾರಿ ಇಡೀ ಇಳಿಜಾರು. ಇಷ್ಟು ವರ್ಷ ಕಾಲಿಗೆ ಹಿತವೆನ್ನಿಸಿದ್ದ ಇಳಿಜಾರು. ಸಂತೆಮೈದಾನದ ಹೊಸ ಸಿಮೆಂಟು ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲಿ ಯಾರೋ ಚೆಲ್ಲಿದ ಒಂದು ಬಕೆಟ್ ನೀರು ಅವಳ ಜೊತೆಜೊತೆಗೇ, ಅವಳಿಗಿಂತ ಸ್ವಲ್ಪ ಮುಂದಾಗಿ, ಬೀದಿ ಇಳಿಯುತ್ತಿತ್ತು.

ಮನೆಯಲ್ಲಿ ಗಂಡ ಸಾಮಾನುಗಳನ್ನು ಕೋಣೆಯ ಮಧ್ಯಕ್ಕೆ ಎಳೆದು ಹಳೇ ಬಟ್ಟೆ ಹೊದಿಸಿದ್ದ. ಮಳೆಗೆ ಮುಂಚೆ ಪಟ್ಟಿಗೆ ಬಣ್ಣ ಕೊಡುವ ದಿನ. ಅತ್ತೆ ಮೂಲೆಯಲ್ಲಿ, ಸೊಸೆ ಹೊಸದಾಗಿ ಹೆಣೆದ ಕುರ್ಚಿಯಲ್ಲಿ ಕೂತಿದ್ದಳು. ಅರ್ಜಿ ಕೊಟ್ಟೆಯಾ ಎಂದು ಗಂಡ ಕೇಳಿದ. ಅತ್ತೆ ಕತ್ತೆತ್ತಿದಳು.

"ಕೊಡ್ಲಿಲ್ಲ" ಎಂದಳು ಕುರ್ಚಿಯವಳು. ಚೀಲವನ್ನು ಗೂಟಕ್ಕೆ ಹಾಕುತ್ತ, ಅವನದೇ ಹಳೆಯ ಮಾತನ್ನು ಅವನಿಗೆ ಹಿಂದಿರುಗಿಸಿದಳು. "ಯೋಚನೆ ಮಾಡ್ದೆ. ಸಮುದ್ರ ಎಲ್ಲಿ, ನಾವೆಲ್ಲಿ. ಬೇಡ ಅನ್ನಿಸ್ತು. ನಾನೇ ಬೇಡ ಅಂದೆ."

ಗಂಡ ಮೊದಲು ಬೆಪ್ಪಾದ, ಆಮೇಲೆ ಹಗುರಾದ. ತಾನು ಮೊದಲ ದಿನವೇ ಇದನ್ನು ಹೇಳಿದ್ದೆ, ಈ ಹೆಂಗಸರ ತೀರ್ಮಾನ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ ಎಂದು ನಕ್ಕ. ನಾಳೆ ಹೆಚ್ಚುಕಡಿಮೆಯಾದರೆ ನಿನ್ನ ಹೆಸರು ಹೇಳುತ್ತೇನೆ ಅಂದ. ತಮಾಷೆಗೇ ಅಂದದ್ದು. ಆದರೂ ಅದು ಹೋಗಿ ಎಲ್ಲಿ ಕೂರಬೇಕೋ ಅಲ್ಲಿ ಕೂತಿತು. ಮದುವೆಯಾಗಿ ಬಂದ ಮೇಲೆ ಈ ಮನೆಯ ವಿಷಯದಲ್ಲಿ ಅವಳು ತಾನಾಗಿ ತೀರ್ಮಾನಿಸಿದ್ದು ಇದೇ ಮೊದಲು.

ಅತ್ತೆ ಕುರ್ಚಿಯ ಅಂಚಿನ ಹೊಸ ಬೆತ್ತವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಮಗ ಗೆರೆ ಎಳೆಯಲು ಸುಣ್ಣದ ದಾರ ಬಿಚ್ಚಿದಾಗ, ಅವನನ್ನು ನೋಡದೆ ಹೇಳಿದಳು:

"ಈ ಸಲ ಪಟ್ಟಿ ಒಂದು ಗೇಣು ಮೇಲೆ ಬರಲಿ."

"ಯಾಕಮ್ಮ? ಇಷ್ಟು ವರ್ಷ ಇದ್ದ ಅಳತೆ. ಅಂದ ಕೆಡುತ್ತೆ."

"ಕೆಡಲಿ."

ಅವನು ಭುಜ ಕುಣಿಸಿ ಒಪ್ಪಿಕೊಂಡ. ದಾರದ ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಹೆಂಡತಿಗೆ ಕೊಟ್ಟು ಆಚೆಯ ಮೂಲೆಗೆ ಕಳಿಸಿದ. ಅವಳು ಗೋಡೆಗೆ ಬೆನ್ನಾಗಿ ನಿಂತು, ದಾರದ ತುದಿಯನ್ನು ಹಳೆಯ ಬಿಳಿಗೆರೆಯ ಮೇಲಿಟ್ಟು, ಅಲ್ಲಿಂದ ಒಂದು ಗೇಣು ಏರಿಸಿದಳು. ಸೊಂಟದಿಂದ ಪಕ್ಕೆಲುಬಿಗೆ ಬಂತು. ಕೆಳಕೋಣೆಯ ಬೆತ್ತದ ಕಟ್ಟುಗಳನ್ನು ನಾಳೆ ಅಟ್ಟಕ್ಕೆ ಸಾಗಿಸಬೇಕು, ಊರವರ ಕುರ್ಚಿಗಳನ್ನು ಎಲ್ಲಿಡುವುದು ಎಂದು ಯೋಚಿಸಿದಳು. ಎಲ್ಲಿಯೂ ಜಾಗವಿರಲಿಲ್ಲ.

"ಅಲ್ಲಿ ಸರಿ ಇದೆಯೇನೇ?" ಎಂದು ಗಂಡ ಆ ತುದಿಯಿಂದ ಕೂಗಿದ.

ಎಷ್ಟೆತ್ತರ ಆದರೆ ಸರಿ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆಗೂ ಗೊತ್ತಿರಲಿಲ್ಲ.

"ಇನ್ನೂ ಸ್ವಲ್ಪ" ಎಂದಳು, ಕೈ ಏರಿಸುತ್ತ.